ಎಲ್‌ಐಸಿ ಷೇರು ಅಗ್ಗವೋ ದುಬಾರಿಯೋ? ಒಂದು ಭಾಗಾಕಾರದ ಹಿನ್ನೆಲೆ

2022ರ ಮೇ 17ರಂದು ಎಲ್‌ಐಸಿ ಷೇರು ಪೇಟೆಗೆ ಬಂತು. ಐಪಿಒದಲ್ಲಿ, ಅಂದರೆ ಜನರಿಗೆ ಮೊದಲ ಬಾರಿ ಮಾರಿದಾಗ, 949 ರೂಪಾಯಿಗೆ ಹಂಚಿದ ಷೇರು ಬಿಎಸ್‌ಇಯಲ್ಲಿ 867 ರೂಪಾಯಿಗೆ ವಹಿವಾಟು ಶುರು ಮಾಡಿತು. ಆ 949 ರೂಪಾಯಿ ಜಾಸ್ತಿಯೋ ಕಡಿಮೆಯೋ? 2021-22ರಲ್ಲಿ ಪ್ರತಿ ಷೇರಿಗೆ ಬಂದ ಲಾಭ 6 ರೂಪಾಯಿ 39 ಪೈಸೆ. ಅದರಿಂದ ಭಾಗಿಸಿದರೆ ಪಿಇ, ಅಂದರೆ ಬೆಲೆ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ, 148. ಇಷ್ಟು ಪಿಇ ಇರುವ ಷೇರನ್ನು ಯಾರೂ ಅಗ್ಗ ಅನ್ನುವುದಿಲ್ಲ. ಕಂಪನಿಯ ಸ್ವಂತ ಹಣ ಮತ್ತು ಮಾರಿದ ಪಾಲಿಸಿಗಳಿಂದ ಮುಂದೆ ಬರಬೇಕಾದ ಲಾಭ ಸೇರಿದ ಮೌಲ್ಯಕ್ಕೆ ಎಂಬೆಡೆಡ್ ವ್ಯಾಲ್ಯೂ, ಅಂದರೆ ಇವಿ ಅನ್ನುತ್ತಾರೆ. ಅದೇ ಬೆಲೆಯನ್ನು ಪ್ರತಿ ಷೇರಿನ ಇವಿಯಿಂದ ಭಾಗಿಸಿದರೆ ಬರುವುದು 1.1. ಆಗ ದೊಡ್ಡ ಖಾಸಗಿ ವಿಮಾ ಕಂಪನಿಗಳ ಷೇರು ಇವಿಯ ಎರಡು ಪಟ್ಟಿಗೂ ಮೇಲಿತ್ತು. ಹಾಗೆ ನೋಡಿದರೆ ಎಲ್‌ಐಸಿ ತೀರಾ ಅಗ್ಗ.

ಒಂದು ವರ್ಷ ತುಂಬುವ ಮೊದಲೇ, 2023ರ ಮಾರ್ಚ್ ಕೊನೆಗೆ, ಷೇರು 535ರ ಆಸುಪಾಸಿಗೆ ಇಳಿಯಿತು. ಆ ಬೆಲೆಯನ್ನು ಆ ವರ್ಷದ ಲಾಭದಿಂದ ಭಾಗಿಸಿದರೆ ಪಿಇ ಬರೀ 9. ಕಂಪನಿ ಅದೇ, ಏಜೆಂಟರು ಅವರೇ, ಪಾಲಿಸಿಗಳೂ ಹೆಚ್ಚುಕಡಿಮೆ ಅವೇ. ಬೆಲೆ ಅರ್ಧದ ಹತ್ತಿರ ಬಂತು ಸರಿ, ಪಿಇ 148ರಿಂದ 9ಕ್ಕೆ ಹೇಗೆ ಬಂತು?

ಶಾಲೆಯಲ್ಲಿ ಅಂಶ, ಛೇದ ಅಂತ ಕಲಿತಿದ್ದೇವೆ ಅಲ್ವಾ? ಅಂಶ ಅಂದರೆ ಮೇಲಿನ ಸಂಖ್ಯೆ. ಇಲ್ಲಿ ಅದು ಷೇರಿನ ಬೆಲೆ, ದಿನಾ ಎಲ್ಲರ ಮೊಬೈಲಿನಲ್ಲೂ ಕಾಣುತ್ತದೆ. ಕೆಳಗಿನ ಛೇದ ಮಾತ್ರ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ವಿಮಾ ಕಂಪನಿಯಲ್ಲಿ ಆ ಛೇದವನ್ನು ಕಾನೂನು ತೀರ್ಮಾನಿಸುತ್ತದೆ, ಲೆಕ್ಕದ ಪದ್ಧತಿ ತೀರ್ಮಾನಿಸುತ್ತದೆ, ಆಕ್ಚುರಿಯ, ಅಂದರೆ ವಿಮೆಯ ಲೆಕ್ಕ ಹಾಕುವ ತಜ್ಞರ, ಅಂದಾಜು ತೀರ್ಮಾನಿಸುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಈ ಮೂರೂ ಅಲುಗಾಡಿವೆ.

ಯಾರೂ ಬೆಲೆ ಕೇಳದ ಕಾಲ

1818ರಲ್ಲಿ ಕಲ್ಕತ್ತಾದಲ್ಲಿ ಓರಿಯೆಂಟಲ್ ಲೈಫ್ ಶುರುವಾಯಿತು. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ವಿಮೆ ತಂದಿತು. ರಾಜ್ಯ ಸರ್ಕಾರಿ ನೌಕರರ ವಿಮೆ ನೋಡುವ ಇಂದಿನ ಕೆಜಿಐಡಿ ಇಲಾಖೆಯ ಬೇರು ಅಲ್ಲಿದೆ. 1956ರಲ್ಲಿ 245 ಸಂಸ್ಥೆಗಳನ್ನು ಸೇರಿಸಿ ಎಲ್‌ಐಸಿ ಮಾಡಿದರು. ಸರ್ಕಾರ ಹಾಕಿದ ಬಂಡವಾಳ 5 ಕೋಟಿ ರೂಪಾಯಿ. 1973ರಲ್ಲಿ ಸಾಮಾನ್ಯ ವಿಮೆಯೂ ಸರ್ಕಾರದ ಕೈಗೆ ಬಂತು. 2000ದಲ್ಲಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು.

1956ರಿಂದ 2000ದವರೆಗಿನ ಸುಮಾರು 45 ವರ್ಷ ಜೀವ ವಿಮೆಯ ಷೇರಿಗೆ ಬೆಲೆ ಎಷ್ಟು ಅಂತ ಕೇಳುವ ಪ್ರಸಂಗವೇ ಇರಲಿಲ್ಲ. ಮಾರುವುದಕ್ಕೆ ಷೇರೇ ಇರಲಿಲ್ಲ. ಎಲ್‌ಐಸಿಯಲ್ಲಿ ಎಲ್ಲ ಪಾಲಿಸಿಗಳ ಹಣವೂ ಒಂದೇ ಲೈಫ್ ಫಂಡಿನಲ್ಲಿ ಇರುತ್ತಿತ್ತು. ಅಲ್ಲಿ ಉಳಿದ ಮಿಗತೆಯಲ್ಲಿ 95 ಪಾಲು ಪಾಲಿಸಿದಾರರಿಗೆ, 5 ಪಾಲು ಸರ್ಕಾರಕ್ಕೆ. ನಮ್ಮ ಮನೆಗಳಿಗೆ ಬೋನಸ್ ಅಂತ ಬರುತ್ತಿದ್ದದ್ದು ಆ 95ರಿಂದ. ಈ 95:5 ಅನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಪಿಇ ಯಾಕೆ ಕೈಕೊಡುತ್ತದೆ

ಸೋಪು ಮಾರುವ ಕಂಪನಿಗೆ ಸೋಪು ಮಾರಿದ ದಿನವೇ ಲಾಭ ಗೊತ್ತಾಗುತ್ತದೆ. 20 ವರ್ಷದ ವಿಮಾ ಪಾಲಿಸಿ ಹಾಗಲ್ಲ. ಮೊದಲ ವರ್ಷ ಏಜೆಂಟರ ಕಮಿಷನ್ ಜಾಸ್ತಿ. ವೈದ್ಯಕೀಯ ಪರೀಕ್ಷೆ, ಕಚೇರಿ ಖರ್ಚು ಎಲ್ಲವೂ ಆಗಲೇ ಬೀಳುತ್ತವೆ. ಮುಂದೆ ಬರಬಹುದಾದ ಕ್ಲೇಮಿಗೆ ಅಂತ ಮೀಸಲು ನಿಧಿಯನ್ನೂ ತೆಗೆದಿಡಬೇಕು. ಹೀಗಾಗಿ ಒಳ್ಳೆಯ ಪಾಲಿಸಿ ಮಾರಿದರೂ ಆ ವರ್ಷದ ಪುಸ್ತಕದಲ್ಲಿ ನಷ್ಟವೇ ಕಾಣುತ್ತದೆ. ಲಾಭ ಬರುವುದು ಆಮೇಲೆ, ಸ್ವಲ್ಪ ಸ್ವಲ್ಪವಾಗಿ, ವರ್ಷಗಟ್ಟಲೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ವೇಗವಾಗಿ ಬೆಳೆಯುತ್ತಿರುವ ಕಂಪನಿಯ ಲಾಭ ಕಡಿಮೆ ಕಾಣುತ್ತದೆ, ಪಿಇ ಮೇಲೇರುತ್ತದೆ. ಹೊಸ ಪಾಲಿಸಿ ಮಾರುವುದನ್ನೇ ನಿಲ್ಲಿಸಿದ ಕಂಪನಿಯ ಲಾಭ ಜಾಸ್ತಿ ಕಾಣುತ್ತದೆ, ಪಿಇ ಇಳಿಯುತ್ತದೆ. ಜೀವ ವಿಮಾ ಷೇರನ್ನು ಪಿಇ ಒಂದನ್ನೇ ನೋಡಿ ಕೊಳ್ಳುವುದು ಬೀಜ ಬಿತ್ತಿದ ವಾರವೇ ಹೊಲದ ಇಳುವರಿ ಅಳೆದ ಹಾಗೆ.

ಅದಕ್ಕೇ ಇವಿ ಬಂತು. ಕಂಪನಿಯ ಕೈಯಲ್ಲಿ ಈಗ ಇರುವ ಸ್ವಂತ ಹಣ ಒಂದು ಭಾಗ. ಈಗಾಗಲೇ ಮಾರಿರುವ ಪಾಲಿಸಿಗಳಿಂದ ಮುಂದಿನ ವರ್ಷಗಳಲ್ಲಿ ಷೇರುದಾರರಿಗೆ ಬರಬೇಕಾದ ಲಾಭದ ಇವತ್ತಿನ ಬೆಲೆ ಇನ್ನೊಂದು ಭಾಗ. ಎರಡನ್ನೂ ಕೂಡಿದರೆ ಇವಿ. ಇನ್ನು ಈ ವರ್ಷ ಹೊಸದಾಗಿ ಮಾರಿದ ಪಾಲಿಸಿಗಳಿಂದ ಮುಂದೆ ಬರಬಹುದಾದ ಲಾಭದ ಇವತ್ತಿನ ಬೆಲೆಗೆ ವಿಎನ್‌ಬಿ ಅನ್ನುತ್ತಾರೆ. ಅದನ್ನು ಹೊಸ ಪ್ರೀಮಿಯಂಗೆ ಹೋಲಿಸಿ ಶೇಕಡಾವಾರು ಹೇಳಿದರೆ ವಿಎನ್‌ಬಿ ಮಾರ್ಜಿನ್. ಇವಿ ಇದುವರೆಗಿನ ಗಳಿಕೆಯನ್ನು ಹೇಳುತ್ತದೆ, ವಿಎನ್‌ಬಿ ಕಂಪನಿ ಇನ್ನೂ ಬೆಳೆಯುತ್ತಿದೆಯೇ ಅನ್ನುವುದನ್ನು.

ಎರಡೂ ಅಂದಾಜುಗಳೇ. ಎಷ್ಟು ಜನ ಐದನೇ ವರ್ಷವೂ ಕಂತು ಕಟ್ಟುತ್ತಾರೆ, ಎಷ್ಟು ಜನ ಸಾಯುತ್ತಾರೆ, ಬಡ್ಡಿ ದರ ಎಲ್ಲಿರುತ್ತದೆ ಅಂತ ಆಕ್ಚುರಿ ಊಹಿಸಿಯೇ ಲೆಕ್ಕ ಹಾಕಬೇಕು.

ಈ ಊಹೆ ತಲೆಕೆಳಗಾದರೆ ಏನಾಗುತ್ತದೆ ಅನ್ನುವುದನ್ನು 2010 ತೋರಿಸಿತು. ಅದಕ್ಕೆ ಮೊದಲು ಯುಲಿಪ್, ಅಂದರೆ ಕಂತಿನ ಹಣವನ್ನು ಪೇಟೆಯಲ್ಲಿ ಹೂಡುವ ಪಾಲಿಸಿಗಳ, ಭರಾಟೆಯ ಕಾಲ. ಖಾಸಗಿ ವಿಮಾ ಕಂಪನಿಗಳ ಷೇರು ಇನ್ನೂ ಪೇಟೆಗೆ ಬಂದಿರಲಿಲ್ಲ. ಆದರೂ ಬ್ಯಾಂಕ್ ಷೇರಿಗೆ ಬೆಲೆ ಕಟ್ಟುವಾಗ ಅದರ ವಿಮಾ ಅಂಗಸಂಸ್ಥೆಗೂ ಹೊಸ ವ್ಯವಹಾರದ ಲಾಭದ ಇಷ್ಟು ಪಟ್ಟು ಅಂತ ದೊಡ್ಡ ಮೊತ್ತ ಸೇರಿಸುತ್ತಿದ್ದರು. 2010ರ ಸೆಪ್ಟೆಂಬರಿನಲ್ಲಿ ಯುಲಿಪ್ ಶುಲ್ಕಗಳಿಗೆ ಮಿತಿ ಬಿತ್ತು, ಹಣ ವಾಪಸ್ ತೆಗೆಯಲಾಗದ ಲಾಕ್-ಇನ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಲಾಭದ ಅಂದಾಜುಗಳು ಕುಗ್ಗಿದವು. ಗ್ರಾಹಕರಿಗೆ ಅದು ಒಳ್ಳೆಯದೇ ಆಯಿತು ಅನ್ನುವುದನ್ನೂ ಇಲ್ಲಿ ಹೇಳಬೇಕು.

ಆಮೇಲೆ ಭಾರತದ ಆಕ್ಚುರಿಗಳ ಸಂಸ್ಥೆ ಐಪಿಒಗೆ ಬರುವ ಕಂಪನಿಗಳು ಇವಿಯನ್ನು ಹೇಗೆ ಲೆಕ್ಕ ಹಾಕಬೇಕು ಅಂತ ನಿಯಮ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಐಸಿಐಸಿಐ ಪ್ರುಡೆನ್ಶಿಯಲ್ ಲೈಫ್ 334 ರೂಪಾಯಿಗೆ ಷೇರು ತಂದಿತು. ಮರುವರ್ಷ ಎಸ್‌ಬಿಐ ಲೈಫ್ 700ಕ್ಕೆ, ಎಚ್‌ಡಿಎಫ್‌ಸಿ ಲೈಫ್ 290ಕ್ಕೆ ಬಂದವು. ಹೂಡಿಕೆದಾರರ ಬಾಯಲ್ಲಿ ಇವಿ ರೂಢಿಯಾದದ್ದು ಆಗ.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ಎಕ್ಸೈಡ್ ಲೈಫ್ ಇದಕ್ಕೆ ಒಳ್ಳೆಯ ಉದಾಹರಣೆ. 2021ರಲ್ಲಿ ಅದನ್ನು ಎಚ್‌ಡಿಎಫ್‌ಸಿ ಲೈಫ್ 6,687 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಹೇಳಿತು. ಎಕ್ಸೈಡ್ ಲೈಫಿನ ಇವಿ ಆಗ 2,711 ಕೋಟಿ. ಅಂದರೆ ಕೊಟ್ಟದ್ದು ಸುಮಾರು ಎರಡೂವರೆ ಪಟ್ಟು. ಒಂದು ಪಟ್ಟು ಇರುವ ಪಾಲಿಸಿಗಳಿಗೆ ಮತ್ತು ಬಂಡವಾಳಕ್ಕೆ. ಉಳಿದ ಒಂದೂವರೆ ಪಟ್ಟು ದಕ್ಷಿಣದ ಸಣ್ಣ ಊರುಗಳಲ್ಲಿ ಅದು ಕಟ್ಟಿದ್ದ ಏಜೆಂಟರ ಜಾಲ ಮುಂದೆ ತರಬಹುದಾದ ವ್ಯವಹಾರಕ್ಕೆ.

ಐದು ಪಟ್ಟು ಹಿಗ್ಗಿದ ಛೇದ

ಈಗ 95:5ರ ವಿಷಯಕ್ಕೆ ಬರೋಣ. 2021ರ ಬಜೆಟ್ ಜೊತೆ ಬಂದ ಹಣಕಾಸು ಕಾಯ್ದೆಯಲ್ಲೇ ಎಲ್‌ಐಸಿ ಕಾಯ್ದೆಗೂ ತಿದ್ದುಪಡಿ ಆಯಿತು. ಐಪಿಒಗೆ ದಾರಿ ಮಾಡಲು ಅದು ಬೇಕಿತ್ತು. ಒಂದೇ ಇದ್ದ ಲೈಫ್ ಫಂಡನ್ನು ಎರಡು ಮಾಡಿದರು. ಬೋನಸ್ ಬರುವ ಪಾಲಿಸಿಗಳದ್ದು ಒಂದು ಫಂಡ್, ಬೋನಸ್ ಇಲ್ಲದವುಗಳದ್ದು ಇನ್ನೊಂದು. ಬೋನಸ್ ಇರುವ ಫಂಡಿನ ಮಿಗತೆ ಹಂತ ಹಂತವಾಗಿ 90:10ಕ್ಕೆ ಬರಬೇಕು. ಬೋನಸ್ ಇಲ್ಲದ ಫಂಡಿನ ಮಿಗತೆ ಪೂರ್ತಿ ಷೇರುದಾರರಿಗೆ. ಖಾಸಗಿ ಕಂಪನಿಗಳಲ್ಲಿ ಮೊದಲಿನಿಂದಲೂ ಇರುವ ಪದ್ಧತಿಯೇ ಇದು.

ಪರಿಣಾಮ ಸಂಖ್ಯೆಯಲ್ಲಿ ನೋಡಿ. 2021ರ ಮಾರ್ಚ್ 31ಕ್ಕೆ ಎಲ್‌ಐಸಿಯ ಇವಿ 95,605 ಕೋಟಿ ರೂಪಾಯಿ. ಅದೇ ವರ್ಷದ ಸೆಪ್ಟೆಂಬರ್ 30ಕ್ಕೆ 5,39,686 ಕೋಟಿ. ಆರೇ ತಿಂಗಳಲ್ಲಿ ಐದೂವರೆ ಪಟ್ಟಿಗೂ ಮೇಲೆ. ಈ ಆರು ತಿಂಗಳಲ್ಲಿ ಜನ ಐದು ಪಟ್ಟು ಪಾಲಿಸಿ ಕೊಂಡಿರಲಿಲ್ಲ. ಇದ್ದ ಹಣವೇ ಇತ್ತು. ಅದರಲ್ಲಿ ಷೇರುದಾರರ ಪಾಲು ಎಷ್ಟು ಅನ್ನುವ ಗೆರೆಯನ್ನು ಬೇರೆ ಕಡೆ ಎಳೆದಿದ್ದರು.

ಕಂಪನಿಯ ಷೇರುಗಳು ಸುಮಾರು 632.5 ಕೋಟಿ. ಹೊಸ ಇವಿಯನ್ನು ಭಾಗಿಸಿದರೆ ಪ್ರತಿ ಷೇರಿಗೆ 853 ರೂಪಾಯಿ. 949 ಅದರ 1.1 ಪಟ್ಟು. ಹಳೆಯ ಇವಿ ಹಿಡಿದರೆ ಪ್ರತಿ ಷೇರಿಗೆ 151 ರೂಪಾಯಿ, ಅನುಪಾತ 6ರ ಮೇಲೆ. ಆ ಬಹುಚರ್ಚಿತ 1.1 ಬಂದದ್ದು ಹೀಗೆ.

ವಿಎನ್‌ಬಿ ಮಾರ್ಜಿನ್ನಿಗೂ ಇದೇ ಆಯಿತು. 2020-21ರಲ್ಲಿ ಶೇ 9.9 ಇದ್ದದ್ದು ಹೊಸ ಹಂಚಿಕೆ ಲೆಕ್ಕಕ್ಕೆ ಬಂದ ಮೇಲೆ, 2021-22ಕ್ಕೆ, ಶೇ 15.1 ಅಂತ ಬಂತು. ಲಾಭದ್ದು ಇನ್ನೂ ದೊಡ್ಡ ಜಿಗಿತ. 2021-22ರಲ್ಲಿ 4,043 ಕೋಟಿ, 2022-23ರಲ್ಲಿ 36,397 ಕೋಟಿ. ಅದರಲ್ಲಿ ಸುಮಾರು 27,000 ಕೋಟಿ ಬೋನಸ್ ಇಲ್ಲದ ಫಂಡಿನಿಂದ ಷೇರುದಾರರ ಖಾತೆಗೆ ವರ್ಗ ಮಾಡಿದ ಹಣ. ಪಿಇ 148ರಿಂದ 9ಕ್ಕೆ ಇಳಿದ ಗುಟ್ಟು ಇಷ್ಟೇ.

ಇದರಲ್ಲಿ ಕದ್ದುಮುಚ್ಚಿ ಮಾಡಿದ್ದು ಏನೂ ಇಲ್ಲ. ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಇವಿ ಲೆಕ್ಕವನ್ನು ಮಿಲಿಮನ್ ಅನ್ನುವ ಆಕ್ಚುರಿ ಸಂಸ್ಥೆ ಮಾಡಿತು. ಎಲ್ಲವೂ ಐಪಿಒ ದಾಖಲೆಯಲ್ಲಿ ಇತ್ತು. ಆದರೆ ಆ ದಾಖಲೆ ನೂರಾರು ಪುಟದ್ದು. ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ಅನ್ನುವ ಸುದ್ದಿ ಹಳ್ಳಿಹಳ್ಳಿಗೂ ತಲುಪಿತು. ಪ್ಯಾನ್ ಜೋಡಿಸಿ, ಡಿಮ್ಯಾಟ್ ಖಾತೆ ತೆರೆಯಿರಿ ಅನ್ನುವುದೂ ತಲುಪಿತು. ಜೀವನದಲ್ಲಿ ಮೊದಲ ಬಾರಿಗೆ ಷೇರು ಕೊಂಡವರು ಎಷ್ಟೋ ಜನ. ಅವರು ಪಾಲಿಸಿದಾರರಾಗಿ ಬಿಟ್ಟುಕೊಟ್ಟ ಪಾಲು ಯಾವುದು, ಷೇರುದಾರರಾಗಿ ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಯಾವುದು ಅಂತ ಯಾರಾದರೂ ಒಂದು ಪುಟದಲ್ಲಿ, ಅವರ ಭಾಷೆಯಲ್ಲಿ ಬರೆದು ಕೊಡಬಹುದಿತ್ತು. ಅಷ್ಟು ಮಾಡಿದ್ದರೆ ಮೇ 17ರ ನಂತರದ ಹತ್ತು ತಿಂಗಳು ಅವರಿಗೆ ಸ್ವಲ್ಪ ಕಡಿಮೆ ಕಷ್ಟದ್ದಾಗುತ್ತಿತ್ತು.

2023ರ ಮಾರ್ಚ್ 31ಕ್ಕೆ ಇವಿ 5,82,243 ಕೋಟಿ, ಅಂದರೆ ಪ್ರತಿ ಷೇರಿಗೆ 920 ರೂಪಾಯಿ. ಷೇರು ಮಾತ್ರ 535. ಅನುಪಾತ 0.58. ಕಂಪನಿಯ ಆಕ್ಚುರಿ ಲೆಕ್ಕ ಒಂದು ರೂಪಾಯಿ ಅನ್ನುವುದಕ್ಕೆ ಪೇಟೆ 58 ಪೈಸೆ ಕೊಡುತ್ತಿತ್ತು. ಇದಕ್ಕೆ ಕಾರಣಗಳಿದ್ದವು. ಎಲ್‌ಐಸಿ ಸಾಕಷ್ಟು ಹಣವನ್ನು ಷೇರು ಪೇಟೆಯಲ್ಲಿ ಹಾಕಿದೆ. ಸೂಚ್ಯಂಕ ಬಿದ್ದರೆ ಇವಿಯೂ ಬೀಳುತ್ತದೆ. ಮಾರ್ಜಿನ್ ಏರಿದ ಮೇಲೂ ದೊಡ್ಡ ಖಾಸಗಿ ಕಂಪನಿಗಳಿಗಿಂತ ತುಂಬಾ ಕೆಳಗಿತ್ತು. 2023ರ ಫೆಬ್ರವರಿಯ ಬಜೆಟ್ಟು ವರ್ಷಕ್ಕೆ 5 ಲಕ್ಷಕ್ಕಿಂತ ಜಾಸ್ತಿ ಕಂತಿನ ಪಾಲಿಸಿಗಳ ತೆರಿಗೆ ವಿನಾಯಿತಿ ತೆಗೆದಾಗ ಎಲ್ಲ ಜೀವ ವಿಮಾ ಷೇರುಗಳೂ ಬಿದ್ದವು.

ಪೇಟೆ ಏರಿದಾಗ ಎಲ್ಲ ತಿರುಗಿತು. 2024ರ ಆರಂಭದಲ್ಲಿ ಷೇರು 949 ದಾಟಿತು. ಆ ಮಾರ್ಚ್‌ಗೆ ಇವಿ 7,27,344 ಕೋಟಿ. ಇವಿ ಹೀಗೆ ಜಿಗಿದಾಗ ಅದರಲ್ಲಿ ಪಾಲಿಸಿ ಮಾರಿ ಗಳಿಸಿದ್ದು ಎಷ್ಟು, ಸೆನ್ಸೆಕ್ಸ್ ಏರಿದ್ದರಿಂದ ಬಂದದ್ದು ಎಷ್ಟು ಅಂತ ಬಿಡಿಸಿ ನೋಡಬೇಕು. ಕಂಪನಿಗಳು ಕೊಡುವ ವಾರ್ಷಿಕ ಇವಿ ವರದಿಯಲ್ಲಿ ಈ ವಿವರದ ಒಂದು ಪಟ್ಟಿ ಇರುತ್ತದೆ. ನನ್ನ ಪ್ರಕಾರ ಆ ವರದಿಯಲ್ಲಿ ಮೊದಲು ಓದಬೇಕಾದದ್ದು ಅದೇ.

ಆರೋಗ್ಯ, ವಾಹನ ವಿಮೆ

ಇಲ್ಲಿ ಲೆಕ್ಕ ಸರಳ. ಪಾಲಿಸಿ ಬಹುಮಟ್ಟಿಗೆ ಒಂದು ವರ್ಷದ್ದು, ಹಾಗಾಗಿ ಇವಿ ಬೇಕಿಲ್ಲ. ಪಿಇ, ಪುಸ್ತಕ ಮೌಲ್ಯ (ಸಾಲ ಕಳೆದು ಉಳಿಯುವ ಕಂಪನಿಯ ಆಸ್ತಿ) ಸಾಕು, ಜೊತೆಗೆ ಕಂಬೈನ್ಡ್ ರೇಷಿಯೋ. ನೂರು ರೂಪಾಯಿ ಪ್ರೀಮಿಯಂ ಬಂದರೆ ಕ್ಲೇಮಿಗೂ ಖರ್ಚಿಗೂ ಸೇರಿ ಎಷ್ಟು ಹೋಗುತ್ತದೆ ಅನ್ನುವುದು ಅದು. ನೂರರ ಕೆಳಗಿದ್ದರೆ ವಿಮೆಯಿಂದಲೇ ಲಾಭ. ಮೇಲಿದ್ದರೆ ಹೂಡಿಕೆಯ ಆದಾಯ ಅದನ್ನು ತುಂಬಬೇಕು. 2024ರ ಮೇನಲ್ಲಿ 272 ರೂಪಾಯಿಗೆ ಷೇರು ತಂದ ಗೋ ಡಿಜಿಟ್ ಕೂಡ ನೂರರ ಮೇಲೇ ಇತ್ತು.

ಸಾಲ್ವೆನ್ಸಿ ಅನುಪಾತವನ್ನು, ಅಂದರೆ ಕ್ಲೇಮು ತೀರಿಸಲು ಬೇಕಾದ ಬಂಡವಾಳದ ಎಷ್ಟು ಪಟ್ಟು ಕಂಪನಿಯ ಕೈಯಲ್ಲಿದೆ ಅನ್ನುವುದನ್ನು, ಮರೆಯಬಾರದು. ಕನಿಷ್ಠ 1.5 ಇರಬೇಕು ಅನ್ನುವುದು ನಿಯಮ. ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳಾದ ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಮೂರೂ ಅದರ ಕೆಳಗೆ ಜಾರಿದವು. 2019-20ರಿಂದ ಮೂರು ವರ್ಷದಲ್ಲಿ ಸರ್ಕಾರ ಅವುಗಳಿಗೆ 17,450 ಕೋಟಿ ಬಂಡವಾಳ ಹಾಕಬೇಕಾಯಿತು. ಕಂಪನಿಗೆ ಹೊಸ ಬಂಡವಾಳ ಬೇಕು ಅಂದರೆ ಇರುವ ಷೇರುದಾರರ ಪಾಲು ತೆಳುವಾಗುತ್ತದೆ, ಇಲ್ಲವೇ ಅವರೇ ಮತ್ತೆ ದುಡ್ಡು ಹಾಕಬೇಕು. ಪಿಇ ಇದನ್ನು ಮೊದಲೇ ಹೇಳುವುದಿಲ್ಲ.

ಮುಂದೇನು

ಅಲುಗಾಟ ಇನ್ನೂ ನಿಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಕಂತು ಕಟ್ಟುವವರಿಗೆ ಇದು ಸಿಹಿ ಸುದ್ದಿ. ಆದರೆ ಕಂಪನಿಗಳು ತಮ್ಮ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮೊದಲಿನ ಹಾಗೆ ಕಂತಿನ ಮೇಲಿನ ಜಿಎಸ್‌ಟಿಯಿಂದ ವಜಾ ಮಾಡಿಕೊಳ್ಳಲು ಆಗುವುದಿಲ್ಲ. ಮಾರ್ಜಿನ್ ಮೇಲೆ ಅದರ ಹೊರೆ ಬೀಳುತ್ತದೆ. ಮರುತಿಂಗಳೇ ಬೆಂಗಳೂರಿನ ಕೆನರಾ ಬ್ಯಾಂಕಿಗೆ ದೊಡ್ಡ ಪಾಲಿರುವ ಕೆನರಾ ಎಚ್‌ಎಸ್‌ಬಿಸಿ ಲೈಫ್ 106 ರೂಪಾಯಿಗೆ ಷೇರು ತಂದಿತು. ಇಂಡ್-ಎಎಸ್ 117 ಅನ್ನುವ ಹೊಸ ಲೆಕ್ಕ ಪದ್ಧತಿ ವಿಮಾ ಕಂಪನಿಗಳಿಗೆ ಪೂರ್ತಿ ಜಾರಿಗೆ ಬಂದರೆ ಪಾಲಿಸಿಯ ಲಾಭವನ್ನು ಅದರ ಅವಧಿಗೆ ಹರಡಿ ತೋರಿಸಬೇಕಾಗುತ್ತದೆ. ಆಗ ಪಿಇಯ ಛೇದ ಇನ್ನೊಮ್ಮೆ ಬದಲಾಗುತ್ತದೆ. ಹಳೆಯ ಪಿಇಯನ್ನೂ ಹೊಸ ಪಿಇಯನ್ನೂ ಪಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ.

ಇನ್ನು ಎಲ್‌ಐಸಿ. ಐಪಿಒದಲ್ಲಿ ಸರ್ಕಾರ ಮಾರಿದ್ದು ಶೇ 3.5 ಮಾತ್ರ. ಷೇರು ಪೇಟೆಯ ನಿಯಂತ್ರಕ ಸೆಬಿ ಕೊಟ್ಟ ಗಡುವಿನ ಪ್ರಕಾರ 2027ರ ಮೇ 16ರೊಳಗೆ ಸಾರ್ವಜನಿಕರ ಪಾಲು ಶೇ 10 ಆಗಬೇಕು. ಅಂದರೆ ಇನ್ನೂ ಶೇ 6.5ರಷ್ಟು, ಸುಮಾರು 41 ಕೋಟಿ ಷೇರುಗಳು. ಆ ಮಾರಾಟದ ಹೊತ್ತಿಗೂ ಪತ್ರಿಕೆಗಳಲ್ಲಿ ಒಂದು ಅನುಪಾತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಅದರ ಇವಿ ಯಾವ ತಾರೀಕಿನದ್ದು, ಸೆನ್ಸೆಕ್ಸ್ ಆಗ ಎಲ್ಲಿತ್ತು, ಬೋನಸ್ ಫಂಡಿನಿಂದ ಷೇರುದಾರರಿಗೆ ಎಷ್ಟು ಪಾಲು ಹಿಡಿದಿದ್ದಾರೆ ಅನ್ನುವುದು ಮಾರಾಟದ ಮೊದಲೇ ಕಂಪನಿಯ ಇವಿ ವರದಿಯಲ್ಲಿ ಸಿಗುತ್ತದೆ.