ಮೀನುಮರಿಯ ಮೊದಲ ದಿನಗಳು, ನೀರಿನ ಬಿಸಿ

ಒಂದೇ ತಾಯಿಮೀನಿನ ಮೊಟ್ಟೆಗಳನ್ನು ಎರಡು ತೊಟ್ಟಿಗೆ ಹಂಚಿ, ಒಂದರ ನೀರನ್ನು ಮೂರ್ನಾಲ್ಕು ಡಿಗ್ರಿ ಹೆಚ್ಚು ಬೆಚ್ಚಗಿಟ್ಟರೆ ಅಲ್ಲಿ ಮರಿಗಳು ಮೊದಲು ಹೊರಬರುತ್ತವೆ. ಇದು ಹಳೆಯ ತಿಳಿವಳಿಕೆ. ಅದೇ ಬಿಸಿ ಮರಿಯ ಬೆನ್ನುಮೂಳೆ, ಸ್ನಾಯು, ಕೆಲವು ಜಾತಿಗಳಲ್ಲಿ ಲಿಂಗವನ್ನೂ ಬದಲಿಸುತ್ತದೆ ಎಂಬುದು ಗಟ್ಟಿಯಾಗಲು ಮಾತ್ರ ಬಹಳ ಕಾಲ ಹಿಡಿಯಿತು.

ತಣ್ಣೀರಿನ ಮೀನಾದ ಟ್ರೌಟ್‌ನ ಹ್ಯಾಚರಿಗಳು (ಮೊಟ್ಟೆಯೊಡೆಸಿ ಮರಿ ಮಾಡುವ ಕೇಂದ್ರಗಳು) ಬೆಳೆದ ಕಾಲದಿಂದಲೂ ಕೈಗೆ ಸಿಕ್ಕ ಅಳತೆಗೋಲು ‘ಡಿಗ್ರಿ-ದಿನ’: ದಿನದ ಸರಾಸರಿ ಉಷ್ಣತೆಯನ್ನು ದಿನಗಳ ಸಂಖ್ಯೆಯಿಂದ ಗುಣಿಸುವುದು. ರೇನ್‌ಬೋ ಟ್ರೌಟ್ ಮೊಟ್ಟೆ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ತಿಂಗಳಿಗೆ ಒಡೆಯುತ್ತದೆ, ಅಂದರೆ 300ಕ್ಕೂ ಸ್ವಲ್ಪ ಹೆಚ್ಚು ಡಿಗ್ರಿ-ದಿನ. ಸಾಮಾನ್ಯ ಕಾರ್ಪ್‌ಗೆ 60–70 ಸಾಕು. ಲೆಕ್ಕ ಸುಲಭ, ಆದರೆ ಆಯಾ ಜಾತಿಗೆ ಒಗ್ಗುವ ಉಷ್ಣತೆಯ ನಡುಭಾಗದಲ್ಲಷ್ಟೇ ಅದು ಸರಿಹೊಂದುತ್ತದೆ. ಬೆಳವಣಿಗೆ ಸೊನ್ನೆ ಡಿಗ್ರಿಯಿಂದಲೇ ಶುರುವಾಗುವುದಿಲ್ಲ; ಪ್ರತಿ ಜಾತಿಗೂ ತನ್ನದೇ ಹೊಸ್ತಿಲಿದೆ. ಪ್ರಯೋಗಾಲಯಗಳಲ್ಲಿ ಸಾಕುವ ಜೀಬ್ರಾಮೀನಿನ ಭ್ರೂಣ ಎಷ್ಟು ಗಂಟೆಗೆ ಯಾವ ಹಂತ ಮುಟ್ಟುತ್ತದೆಂದು ಹೇಳುವ 1995ರ ಪಟ್ಟಿ 28.5 ಡಿಗ್ರಿಯನ್ನು ಆಧಾರವಾಗಿಟ್ಟುಕೊಂಡಿದೆ. ಅಲ್ಲಿ 24 ಗಂಟೆಗೆ ಮುಟ್ಟುವ ಹಂತಕ್ಕೆ 25 ಡಿಗ್ರಿಯಲ್ಲಿ ಸುಮಾರು 30 ಗಂಟೆ ಬೇಕು.

ತಣ್ಣೀರಿನ ಮೀನುಗಳಿಗೆ ಬೆನ್ನುಮೂಳೆಯ ಮಣಿಗಳು ಹೆಚ್ಚೆಂಬುದನ್ನು ಅಮೆರಿಕದ ಮೀನುತಜ್ಞ ಡೇವಿಡ್ ಸ್ಟಾರ್ ಜೋರ್ಡಾನ್ 19ನೇ ಶತಮಾನದ ಕೊನೆಯಲ್ಲೇ ಗುರುತಿಸಿದ್ದರು. 1914ರಲ್ಲಿ ನಾರ್ವೆಯ ಕಡಲವಿಜ್ಞಾನಿ ಯೋಹಾನ್ ಯೋರ್ಟ್, ಕಡಲಿನಲ್ಲಿ ಒಂದು ವರ್ಷ ಹುಟ್ಟಿದ ಪೀಳಿಗೆಯಲ್ಲಿ ಎಷ್ಟು ಮೀನು ಉಳಿಯುತ್ತವೆಂಬುದು ಮರಿಗಳ ಆರಂಭದ ದಿನಗಳಲ್ಲೇ ನಿರ್ಧಾರವಾಗುತ್ತದೆ ಎಂದರು. ಮುಂದಿನ ಕೆಲವು ದಶಕ ಚರ್ಚೆಯೆಲ್ಲ ಮರಿಗೆ ಆಹಾರ ಸಿಗುವ ಸುತ್ತಲೇ ಸುತ್ತಿತು.

ನೀರು ಕಾಯಿಸುವುದು ಸುಲಭವಾದ ಮೇಲೆ ವಿಷಯ ಜಟಿಲವಾಯಿತು. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 1.16 ಯುನಿಟ್ ವಿದ್ಯುತ್. ಅಷ್ಟು ಖರ್ಚಿನಲ್ಲಿ ದಿನಗಳು ಉಳಿಯುವುದಾದರೆ ಯಾರು ಬೇಡವೆನ್ನುತ್ತಾರೆ? ಮೊದಲ ಪೆಟ್ಟು ಬೀಳುವುದು ಉಸಿರಿಗೆ. ಬಿಸಿ 10 ಡಿಗ್ರಿ ಏರಿದರೆ ಭ್ರೂಣದ ಆಮ್ಲಜನಕದ ಬೇಡಿಕೆ ಎರಡು-ಮೂರು ಪಟ್ಟಾಗುತ್ತದೆ. ಅದೇ ಹೊತ್ತಿಗೆ ಸಿಹಿನೀರಿನಲ್ಲಿ ಕರಗಬಲ್ಲ ಆಮ್ಲಜನಕ ಲೀಟರಿಗೆ 11.3 ಮಿಲಿಗ್ರಾಂನಿಂದ (10 ಡಿಗ್ರಿ) 9.1ಕ್ಕೆ (20 ಡಿಗ್ರಿ) ಇಳಿಯುತ್ತದೆ. ಮೊಟ್ಟೆಯೊಳಗಿನ ಜೀವಕ್ಕೆ ಕಿವಿರಿಲ್ಲ. ಪೊರೆಯಿಂದ ಒಳಗಿಳಿದಷ್ಟೇ ಅದರ ಪಾಲು. ಪೊರೆ ಕರಗಿಸುವ ಕಿಣ್ವವೂ ಬಿಸಿಯಲ್ಲಿ ಬೇಗ ಕೆಲಸ ಶುರುಮಾಡುವುದರಿಂದ ಮೈ ಬಲಿಯುವ ಮೊದಲೇ ಮರಿ ಹೊರಬೀಳುತ್ತದೆ.

ಆಮೇಲೆ ಮರಿಯ ಮೊದಲ ಬುತ್ತಿಯಾದ ಹಳದಿಚೀಲ ಬೇಗ ಕರಗುತ್ತದೆ. ಬಾಯಿ ತೆರೆದ ಹೊತ್ತಿಗೆ ಸಣ್ಣ ಆಹಾರ ಸಿದ್ಧವಿರದಿದ್ದರೆ, ಮರಳಿ ಚೇತರಿಸಿಕೊಳ್ಳಲಾಗದ ಹಸಿವಿಗೆ ಮರಿ ಬೀಳುತ್ತದೆ. ಬೆಚ್ಚನೆ ನೀರಿನಲ್ಲಿ ಈ ಗಡುವೂ ಚಿಕ್ಕದು. ಸೀಬಾಸ್‌ನಂಥ ಕಡಲಮೀನುಗಳ ಮರಿ ಕೆಲವೇ ದಿನಗಳ ಅವಧಿಯಲ್ಲಿ ಮೇಲ್ಮೈಗೆ ಬಂದು ಗಾಳಿ ನುಂಗಿ ಗಾಳಿಚೀಲ ತುಂಬಿಕೊಳ್ಳಬೇಕು. ಮೇಲ್ಮೈಯಲ್ಲಿ ಎಣ್ಣೆಯ ಪದರವಿದ್ದು ಅದು ತಪ್ಪಿದರೆ, ಮುಳುಗದಿರಲು ತಲೆಯೆತ್ತಿ ಈಜಿ ಈಜಿ ಬೆನ್ನುಮೂಳೆ ಬಾಗುತ್ತದೆ. ಅಟ್ಲಾಂಟಿಕ್ ಸಾಲ್ಮನ್ ಮೊಟ್ಟೆಗಳನ್ನು 8 ಡಿಗ್ರಿ ದಾಟಿಸಬಾರದೆಂಬ ಎಚ್ಚರಿಕೆಯ ಹಿಂದಿರುವುದೂ ಮೂಳೆಯ ಊನಗಳೇ. ಇಂಥವು ಕಣ್ಣಿಗೆ ಬೀಳುವುದು ತಿಂಗಳುಗಳ ನಂತರ. ಅಷ್ಟರಲ್ಲಿ ಮರಿಗಳು ಕೈಬದಲಾಗಿ, ದೋಷ ಮೇವಿನ ಮೇಲೆ ಬಿದ್ದಿರುತ್ತದೆ.

ಬಿಸಿ ಲಿಂಗವನ್ನೂ ಬದಲಿಸುತ್ತದೆ. 1981ರಲ್ಲಿ ಕಾನೋವರ್ ಮತ್ತು ಕೈನಾರ್ಡ್ ಎಂಬ ಸಂಶೋಧಕರು, ಅಟ್ಲಾಂಟಿಕ್ ಸಿಲ್ವರ್‌ಸೈಡ್ ಎಂಬ ಸಣ್ಣ ಮೀನಿನ ಮರಿಗಳು ತಣ್ಣೀರಿನಲ್ಲಿ ಹೆಚ್ಚಾಗಿ ಹೆಣ್ಣಾಗುತ್ತವೆಂದು ತೋರಿಸಿದರು. ಯುರೋಪಿಯನ್ ಸೀಬಾಸ್‌ನಲ್ಲಿ ಆರಂಭದ ವಾರಗಳ ಬಿಸಿ ಗಂಡುಗಳನ್ನು ಹೆಚ್ಚಿಸುತ್ತದೆ. ಹೆಣ್ಣಿನ ಹಾರ್ಮೋನು ತಯಾರಿಸುವ ಅರೋಮಟೇಸ್ ಕಿಣ್ವದ ಜೀನ್ ಬಿಸಿಯಿಂದ ಅದುಮಿಹೋಗುತ್ತದೆಂಬ ವಿವರಣೆ 2011ರಲ್ಲಿ ಸಿಕ್ಕಿತು.

ತೊಟ್ಟಿಯ ಬಳಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಉಷ್ಣಮಾಪಕ ನೀರು ಬರುವ ಕೊಳವೆಯ ಬಾಯಲ್ಲಿದ್ದರೆ ಸಾಲದು, ಮೊಟ್ಟೆಯಿರುವ ತಟ್ಟೆಯ ಮಟ್ಟದಲ್ಲೇ ಇರಬೇಕು. ಬೆಳಗಿನ ಜಾವದ ಕನಿಷ್ಠ, ಮಧ್ಯಾಹ್ನದ ಗರಿಷ್ಠ ಎರಡನ್ನೂ ಬರೆದಿಡಬೇಕು; ಬರೀ ಸರಾಸರಿ ಏರಿಳಿತವನ್ನು ಮುಚ್ಚಿಹಾಕುತ್ತದೆ. ಕಾಯಿಸಿದ ನೀರಿನಲ್ಲಿ ಅನಿಲ ಮಿತಿಮೀರಿ ಉಳಿದು ಮರಿಯ ಮೈಯಲ್ಲಿ ಗುಳ್ಳೆ ಕಟ್ಟುವುದರಿಂದ, ಮೊದಲು ಅದನ್ನು ಜಾಲರಿ ತುಂಬಿದ ನೆಟ್ಟಗಿನ ಕೊಳವೆಯ ಮೂಲಕ ತೆಳುವಾಗಿ ಸುರಿಸಿ ಗಾಳಿಗೊಡ್ಡಬೇಕು.

2020ರಲ್ಲಿ 694 ಜಾತಿಗಳನ್ನು ಪರಿಶೀಲಿಸಿದಾಗ, ಭ್ರೂಣಗಳು ಮತ್ತು ಮೊಟ್ಟೆಯಿಡುವ ಹಂತದ ಮೀನುಗಳು ತಾಳಿಕೊಳ್ಳುವ ಉಷ್ಣತೆಯ ವ್ಯಾಪ್ತಿ ಉಳಿದ ಬೆಳೆದ ಮೀನುಗಳಿಗಿಂತ ಕಿರಿದೆಂದು ತಿಳಿಯಿತು. ಬೆಳೆದ ಮೀನಿಗೆ ನಿಗದಿಯಾದ ಮಿತಿಯನ್ನೇ ಮೊಟ್ಟೆಗೂ ಅನ್ವಯಿಸುವ ರೂಢಿ ಇಲ್ಲಿ ನಿಲ್ಲಬೇಕು. ಮರಿಗಳನ್ನು ಕೊಳ್ಳುವಾಗ ವಯಸ್ಸು, ತೂಕದ ಜೊತೆಗೆ ಮೊದಲ ವಾರಗಳ ಉಷ್ಣತೆಯ ದಾಖಲೆಯನ್ನೂ ಕೇಳಿ ಪಡೆಯಬೇಕು.