ನೋವಿನ ಮಾತ್ರೆ ನುಂಗುವ ಮುಂಚೆ ಮೂಗಿನ ವಿಷಯ ಹೇಳಿ

ಯಶವಂತಪುರದ ಕಡೆಯಿಂದ ಬಂದಿದ್ದ ಆ ಹೆಣ್ಣುಮಗಳು ಟೈಲರಿಂಗ್ ಮಾಡುವವರು. ಹಿಂದಿನ ವಾರ ಬೆನ್ನು ನೋವು ಅಂತ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ಒಂದನ್ನು ನುಂಗಿದ್ದರು. ಮುಕ್ಕಾಲು ಗಂಟೆಯೊಳಗೆ ಮೂಗು ಸೋರಿ, ಕಣ್ಣು ಕೆಂಪಾಗಿ, ಉಸಿರು ಕಟ್ಟಿ ಎಮರ್ಜೆನ್ಸಿ ಸೇರಿದ್ದರು. ಅಲ್ಲಿನ ಚೀಟಿಯಲ್ಲಿ ಆಸ್ತಮಾ ಅಂತಷ್ಟೇ ಇತ್ತು. ಮಾತ್ರೆಯ ಸುದ್ದಿಯೇ ಇಲ್ಲ.

"ಯಾವ ಮಾತ್ರೆಮ್ಮಾ?" ಅಂದೆ. ಪರ್ಸಿನಿಂದ ಸ್ಟ್ರಿಪ್ಪಿನ ತುಂಡು ತೆಗೆದರು. ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟದ್ದು. ಹಿಂದೆ ತಿರುಗಿಸಿದರೆ 'ಫೆನಾಕ್ 50' ಅಂತ ಅರ್ಧ ಹೆಸರು ಮಾತ್ರ ಉಳಿದಿತ್ತು. ಡೈಕ್ಲೋಫೆನಾಕ್ ಇರಬೇಕು ಅಂತ ಊಹಿಸಿದೆ.

"ವಾಸನೆ ಗೊತ್ತಾಗತ್ತಾ?"

"ಒಗ್ಗರಣೆ ಸೀದರೂ ಗೊತ್ತಾಗಲ್ಲ ಸಾರ್. ಮೂಗಲ್ಲಿ ಮಾಂಸ ಬೆಳೆದಿದೆ ಅಂತ ಎರಡು ಸಲ ಆಪರೇಷನ್ ಆಗಿದೆ."

ಆಸ್ತಮಾ, ಮೂಗಿನ ಪಾಲಿಪ್ ಅಂದರೆ ಮೂಗಲ್ಲಿ ಬೆಳೆಯುವ ಮಾಂಸ, ಆಸ್ಪಿರಿನ್ ಥರದ ಮಾತ್ರೆ ಒಗ್ಗದಿರುವುದು, ಈ ಮೂರೂ ಒಟ್ಟಿಗೆ ಬರುತ್ತವೆ ಅಂತ ಫ್ರೆಂಚ್ ವೈದ್ಯ ವಿಡಾಲ್ 1922ರಲ್ಲೇ ಬರೆದಿದ್ದರು. ದೊಡ್ಡವರಲ್ಲಿ ಆಸ್ತಮಾ ಇರುವ 100 ಜನರಲ್ಲಿ ಸುಮಾರು 7 ಮಂದಿಗೆ ಈ ತೊಂದರೆ ಇರುತ್ತದೆ. ಆದರೂ ಬೆನ್ನು ನೋವು ಅಂತ ಬಂದವರ ಮೂಗಿನ ಬಗ್ಗೆ ಯಾರೂ ಕೇಳುವುದಿಲ್ಲ. ಇದು ನನಗೆ ತುಂಬಾ ಬೇಸರದ ವಿಷಯ.

ಈ ಮಾತ್ರೆಗಳು ನೋವು ಇಳಿಸುವಾಗ ಕಾಕ್ಸ್-1 ಎಂಬ ಕಿಣ್ವವನ್ನೂ ತಡೆಯುತ್ತವೆ. ಇಂಥವರ ದೇಹದಲ್ಲಿ ಅದನ್ನು ತಡೆದ ಕೂಡಲೇ ಲ್ಯೂಕೋಟ್ರೀನ್ ಅನ್ನುವ ರಾಸಾಯನಿಕ ಜಾಸ್ತಿಯಾಗಿ ಶ್ವಾಸನಾಳ ಬಿಗಿಯುತ್ತದೆ. ಹಾಗಾಗಿ ಕಂಪನಿ ಬದಲಿಸಿದರೆ ಪ್ರಯೋಜನವಿಲ್ಲ. ಡೈಕ್ಲೋಫೆನಾಕ್ ಆಗದವರಿಗೆ ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಆಸ್ಪಿರಿನ್ ಕೂಡ ಆಗುವುದಿಲ್ಲ. ನಮ್ಮ ಮನೆಗಳ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವ ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ರಕ್ತ ಪರೀಕ್ಷೆಯಲ್ಲಿ ಈ ತೊಂದರೆ ಸಿಗುವುದಿಲ್ಲ. ಅನುಮಾನ ಇದ್ದರೆ ಆಸ್ಪತ್ರೆಯಲ್ಲೇ ಚೂರು ಚೂರು ಮಾತ್ರೆ ಕೊಟ್ಟು ನೋಡಬೇಕು. ಮನೆಯಲ್ಲಿ ಆ ಸಾಹಸ ಬೇಡ.

ಕೆಲವರಿಗೆ ಉಸಿರಿಗೆ ಏನೂ ಆಗುವುದಿಲ್ಲ, ಚರ್ಮಕ್ಕೆ ಬರುತ್ತದೆ. ಮೈತುಂಬ ಪಿತ್ತದ ಗಂಧೆ ಏಳುತ್ತದೆ, ಬೆಳಗಾಗುವಷ್ಟರಲ್ಲಿ ಕಣ್ಣಿನ ರೆಪ್ಪೆ, ತುಟಿ ಊದಿರುತ್ತದೆ. ಮೊದಲಿಂದ ಗಂಧೆ ಬರುವವರಿಗೆ ಈ ಮಾತ್ರೆಯಿಂದ ಅದು ಕೆರಳುವುದೂ ಉಂಟು. ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇಂಥ ಹೆಚ್ಚಿನವರಿಗೆ 500 ಎಂ.ಜಿ. ಪ್ಯಾರಾಸಿಟಮಾಲ್ ಒಗ್ಗುತ್ತದೆ. ಎಟೋರಿಕಾಕ್ಸಿಬ್ ಅನ್ನುವ ನೋವಿನ ಮಾತ್ರೆ ಕೂಡ ಸಾಮಾನ್ಯವಾಗಿ ಆಗುತ್ತದೆ, ಆದರೆ ಮೊದಲ ಮಾತ್ರೆ ವೈದ್ಯರ ಎದುರೇ ಆಗಲಿ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನು ಓದಿ ಸುಮ್ನೆ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಆ ಹೆಣ್ಣುಮಗಳಿಗೆ ಆಗದ ಮಾತ್ರೆಗಳ ಹೆಸರನ್ನೆಲ್ಲ ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ಮಡಚಿ, ಬಸ್ ಪಾಸ್ ಹಿಂದೆ ಇಟ್ಟುಕೊಂಡರು. ಮೆಡಿಕಲ್ ಶಾಪಿನವರಲ್ಲಿ ಒಂದು ವಿನಂತಿ: ಎರಡೇ ಮಾತ್ರೆ ಕೊಟ್ಟರೂ ಅದರ ಹೆಸರನ್ನು ಚೀಟಿಯಲ್ಲಿ ಬರೆದುಕೊಡಿ.