ಅಪ್ಪ-ಅಮ್ಮ ದೊಡ್ಡ ನಾಯಿ ಬೇಡ ಅಂತಾರೆ, ಹೇಗೆ ಒಪ್ಪಿಸೋದು?

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸಿನಲ್ಲಿ ಓದುತ್ತಿದ್ದೇನೆ. ನಾಯಿ ಅಂದ್ರೆ ನನಗೆ ಪ್ರಾಣ. ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಸಾಕಬೇಕು ಅಂತ ತುಂಬಾ ಆಸೆ. ಅಪ್ಪ-ಅಮ್ಮ "ಚಿಕ್ಕದಾದರೆ ನೋಡೋಣ, ದೊಡ್ಡದು ಬೇಡವೇ ಬೇಡ" ಅಂತಾರೆ. ಏನು ಹೇಳಿದರೆ ಒಪ್ಪುತ್ತಾರೆ?

ಉತ್ತರ: ಬರೀ ಮಾತಿನಿಂದ ಒಪ್ಪಿಸೋದು ಕಷ್ಟ. ಈ ಪ್ರಶ್ನೆ ಕೇಳುವ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಪಟ್ಟಿ ಹಿಡಿದು ಅಪ್ಪ-ಅಮ್ಮನ ಮುಂದೆ ನಿಂತಿರುತ್ತಾರೆ. ನಾಯಿ ಮನೆ ಕಾಯುತ್ತದೆ, ನಿಯತ್ತಿನ ಪ್ರಾಣಿ, ನಾಯಿ ಇದ್ದರೆ ಮನಸ್ಸಿಗೆ ಖುಷಿ. ಇದೆಲ್ಲ ಅವರಿಗೂ ಗೊತ್ತು. ಅವರ ತಲೆಯಲ್ಲಿ ಓಡುತ್ತಿರುವುದು ಬೇರೆ ಲೆಕ್ಕ: ಬೆಳಗ್ಗೆ ಆರು ಗಂಟೆಗೆ ಮಳೆ ಸುರಿಯುತ್ತಿರುವಾಗ ಅದನ್ನು ಹೊರಗೆ ಕರೆದುಕೊಂಡು ಹೋಗೋದು ಯಾರು? ಈ ಪ್ರಶ್ನೆಗೆ ಉತ್ತರ ಕೊಡದೆ ಬೇರೆ ಎಷ್ಟು ಹೇಳಿದರೂ ಪ್ರಯೋಜನವಿಲ್ಲ.

ಮೊದಲು ವಯಸ್ಸಿನ ಲೆಕ್ಕ ಹಾಕು. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕುತ್ತದೆ. ಇವತ್ತು ಮರಿ ತಂದರೆ ಮುಂದಿನ ವರ್ಷ ನಿನಗೆ ಎಸ್ಸೆಸ್ಸೆಲ್ಸಿ, ಆಮೇಲೆ ಎರಡು ವರ್ಷ ಪಿಯುಸಿ, ಸಿಇಟಿಯೋ ನೀಟೋ ಬರೆದು ಯಾವುದೋ ಊರಿನ ಕಾಲೇಜು, ಹಾಸ್ಟೆಲ್. ನೀನು ಬ್ಯಾಗು ತುಂಬಿಕೊಂಡು ಹೊರಡುವ ಹೊತ್ತಿಗೆ ನಾಯಿಗೆ ಮೂರೋ ನಾಲ್ಕೋ ವರ್ಷ, ಅಂದರೆ ಅದರ ಮೈಯಲ್ಲಿ ಕಸುವು ಜಾಸ್ತಿ ಇರುವ ವಯಸ್ಸು. ಹಾಸ್ಟೆಲಿಗೆ ಅದನ್ನು ಕರೆದುಕೊಂಡು ಹೋಗೋಕೆ ಆಗಲ್ಲ. ಅಲ್ಲಿಂದ ಮುಂದಿನ ಏಳೆಂಟು ವರ್ಷ ಅದು ಅಮ್ಮನ ನಾಯಿ. ಅಮ್ಮ ಇದನ್ನು ಬಾಯಿಬಿಟ್ಟು ಹೇಳದೆ ಇರಬಹುದು, ಆದರೆ "ಬೇಡ" ಅನ್ನುವಾಗ ಅವರಿಗೆ ಕಾಣುತ್ತಿರುವುದು ಇದೇ.

ಹಾಗಾಗಿ ಈ ಮಾತನ್ನು ನೀನೇ ಮೊದಲು ಎತ್ತು. "ನಾನು ಓದೋಕೆ ಹೋದ ಮೇಲೆ ಏನು ಮಾಡೋದು ಅಂತ ಯೋಚಿಸಿದ್ದೇನೆ" ಅಂತ ಶುರು ಮಾಡು. ತಮ್ಮನೋ ತಂಗಿಯೋ ಇದ್ದರೆ ಅವರನ್ನು ಈಗಿನಿಂದಲೇ ಸೇರಿಸಿಕೊ. ಹತ್ತಿರದ ಊರಿನಲ್ಲೇ ಓದುವ ಯೋಚನೆ ನಿಜವಾಗಿ ಇದ್ದರೆ ಹೇಳು, ಸುಮ್ನೆ ಭರವಸೆ ಕೊಡಬೇಡ. ಅಪ್ಪನಿಗೆ ಬೆಳಗ್ಗೆ ವಾಕಿಂಗ್ ಅಭ್ಯಾಸ ಇದ್ದರೆ ನಿನ್ನ ಅದೃಷ್ಟ. ಮನೆಯಲ್ಲಿ ಇನ್ನೊಬ್ಬ ದೊಡ್ಡವರಿಗಾದರೂ ಈ ನಾಯಿ ಮನಸ್ಸಿನಿಂದ ಬೇಕು ಅನ್ನಿಸದೆ ಇದ್ದರೆ ದೊಡ್ಡ ಜಾತಿಯ ನಾಯಿ ತರಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪುಟ್ಟ ನಾಯಿಯನ್ನು ಅಜ್ಜಿ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ನಾಲ್ಕು ದಿನ ಬಿಡಬಹುದು. 30 ಕೆಜಿಯ ಪ್ರಾಣಿಯನ್ನು ಇಟ್ಟುಕೊಳ್ಳುವವರು ಸುಲಭಕ್ಕೆ ಸಿಗುವುದಿಲ್ಲ. ಮದುವೆ, ಜಾತ್ರೆ, ಊರಿನ ಹಬ್ಬ ಬಂದಾಗಲೆಲ್ಲ ಮನೆಯಲ್ಲಿ ಯಾರು ಉಳಿಯೋದು ಅನ್ನುವ ಜಗಳ ಶುರುವಾಗುತ್ತದೆ.

ಈಗ ಮಾಡಿ ತೋರಿಸುವ ವಿಷಯ. ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ದೊಡ್ಡ ನಾಯಿ ಇದ್ದೇ ಇರುತ್ತದೆ. ಅವರ ಹತ್ತಿರ ಹೋಗಿ, "ಅಂಕಲ್, ವಾಕಿಂಗ್ ಹೋಗುವಾಗ ನಾನೂ ಬರಲಾ?" ಅಂತ ಕೇಳು. ಮೊದಲು ಜೊತೆಯಲ್ಲಿ ನಡೆ, ನಾಯಿಗೆ ನಿನ್ನ ಪರಿಚಯ ಆಗಲಿ, ಆಮೇಲೆ ಅವರ ಮುಂದೆಯೇ ಬೆಲ್ಟ್ ಹಿಡಿದು ನೋಡು, ಕಕ್ಕ ಮಾಡಿದರೆ ಪೇಪರಿನಲ್ಲಿ ಎತ್ತಿ ಹಾಕು. ಒಂದೆರಡು ತಿಂಗಳು ಭಾನುವಾರವೂ ತಪ್ಪಿಸದೆ, ಅಲಾರಂ ಹೊಡೆದಾಗ ಅಮ್ಮ ಎಬ್ಬಿಸದೆ ನೀನೇ ಎದ್ದು ಹೋದರೆ ಅದು ಮನೆಯವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆ ಮನೆಯವರು ಊರಿಗೆ ಹೊರಟಾಗ ಎರಡು ದಿನ ನಾಯಿಯನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳೋಕೆ ಅಪ್ಪ-ಅಮ್ಮನ ಒಪ್ಪಿಗೆ ಕೇಳು. ಹತ್ತು ವರ್ಷಕ್ಕೆ "ಹೂಂ" ಅನ್ನುವುದಕ್ಕಿಂತ ಎರಡು ದಿನಕ್ಕೆ ಅನ್ನುವುದು ಅವರಿಗೂ ಸುಲಭ ಅಲ್ವಾ. ಸೋಫಾ ಮೇಲೆ ಕೂದಲು, ನೀರು ಕುಡಿದು ಮನೆಯೆಲ್ಲ ಜೊಲ್ಲು, ರಾತ್ರಿ ಒಂದು ಸಲ ಬೊಗಳಿದ್ದು, ಎಲ್ಲವೂ ಆ ಎರಡು ದಿನದಲ್ಲೇ ಗೊತ್ತಾಗುತ್ತದೆ. ಅದನ್ನೆಲ್ಲ ಯಾರು ಒರೆಸಿದರು ಅನ್ನುವುದೂ ಗೊತ್ತಾಗುತ್ತದೆ.

ಅಮ್ಮನಿಗೆ ನಾಯಿ ಕಂಡರೆ ಭಯವಾದರೆ ಮರಿಗಳ ವಿಡಿಯೋ ತೋರಿಸಿ ಏನೂ ಆಗುವುದಿಲ್ಲ. ವಯಸ್ಸಾದ, ಶಾಂತ ಸ್ವಭಾವದ ಒಂದು ಲ್ಯಾಬ್ರಡಾರ್ ಹತ್ತಿರ ಕರೆದುಕೊಂಡು ಹೋಗು. ಮುಟ್ಟು ಅಂತ ಒತ್ತಾಯ ಮಾಡಬೇಡ, ಸುಮ್ನೆ ಅದರ ಪಕ್ಕದಲ್ಲಿ ಕೂತು ಕಾಫಿ ಕುಡಿದು ಬರಲಿ.

ಅಜ್ಜಿಯ ಮಡಿ, ದೇವರ ಮನೆ, ಅಡುಗೆ ಮನೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. "ಯಾವ ಕಾಲದಲ್ಲಿದ್ದೀರಾ" ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ಎರಡೂ ಬಾಗಿಲಿಗೆ ಗೇಟು ಹಾಕಿಸೋಣ, ಮೊದಲ ದಿನದಿಂದಲೇ ಅಲ್ಲಿಗೆ ಬಿಡದೆ ಅಭ್ಯಾಸ ಮಾಡಿಸುತ್ತೇನೆ ಅಂತ ಹೇಳು. ಮರಿಯಿಂದಲೇ ಕಲಿಸಿದರೆ ನಾಯಿ ಹೊಸ್ತಿಲು ದಾಟದೆ ಕೂರುವುದನ್ನು ಖಂಡಿತ ಕಲಿಯುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ, ಚಿಕ್ಕದು-ದೊಡ್ಡದು ಅನ್ನುವ ವ್ಯತ್ಯಾಸ ನಿಜವಾಗಿ ಕಾಣೋದು ಇಲ್ಲೇ. ನಾಯಿಯ ಖರ್ಚು ಬಹುಪಾಲು ತೂಕದ ಮೇಲೆ ನಡೆಯುತ್ತದೆ. ಜಂತುಹುಳದ ಮಾತ್ರೆ ತೂಕ ನೋಡಿ ಕೊಡುತ್ತಾರೆ, ಉಣ್ಣೆ ಹುಳದ ಔಷಧಿ ತೂಕ ನೋಡಿ ಕೊಡುತ್ತಾರೆ, ಆಪರೇಷನ್ ಮಾಡುವಾಗ ಅರಿವಳಿಕೆಯೂ ಹಾಗೆಯೇ. ದೊಡ್ಡ ಲ್ಯಾಬ್ರಡಾರ್‌ಗೆ ಡಾಗ್ ಫುಡ್ಡೇ ಹಾಕುವುದಾದರೆ ದಿನಕ್ಕೆ ಸುಮಾರು 300ರಿಂದ 400 ಗ್ರಾಂ, ತಿಂಗಳಿಗೆ ಹತ್ತು ಹನ್ನೆರಡು ಕೆಜಿ ಚೀಲ ಖಾಲಿ. ಮನೆ ಊಟವೂ ಆಗುತ್ತದೆ, ಆದರೆ ನಮ್ಮ ತಟ್ಟೆಯಲ್ಲಿ ಉಳಿದ ಸಾರನ್ನ ಹಾಕುವುದಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಅದಕ್ಕೆ ಅಂತ ಬೇರೆಯಾಗಿ ಕೋಳಿ, ಮೊಟ್ಟೆ, ಅನ್ನ ಅಥವಾ ರಾಗಿ ಬೇಯಿಸಬೇಕು, ಎಷ್ಟೆಷ್ಟು ಅಂತ ಡಾಕ್ಟರನ್ನು ಕೇಳಬೇಕು. ಮನೆಯಲ್ಲಿ ಮಾಂಸ ತರುವುದಿಲ್ಲ ಅಂದರೆ ಆ ಮಾತನ್ನೂ ಮೊದಲೇ ಆಡಿಕೊಳ್ಳಿ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗುತ್ತದೆ, ಮೂರು-ನಾಲ್ಕು ವಾರಕ್ಕೊಮ್ಮೆ 16 ವಾರದ ತನಕ ನಡೆಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಪ್ರಕಾರ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ನಿಮ್ಮೂರಿನ ಅಂಗಡಿಗೂ ಪಶು ಆಸ್ಪತ್ರೆಗೂ ನೀನೇ ಹೋಗಿ, ರೇಟು ಕೇಳಿ, ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ಕೊಡು. ಕಡಿಮೆ ಮಾಡಿ ಬರೆಯಬೇಡ. ಹಬ್ಬದ ದುಡ್ಡು, ಹುಟ್ಟುಹಬ್ಬದ ದುಡ್ಡು ಕೂಡಿಟ್ಟು ಒಂದಷ್ಟು ನಿನ್ನದೂ ಸೇರಿಸಿದರೆ ಮೊತ್ತ ಸಣ್ಣದಾದರೂ ಅಪ್ಪನಿಗೆ ಅದು ಲೆಕ್ಕಕ್ಕೆ ಬರುತ್ತದೆ.

ಇನ್ನು ಜಾತಿ ಯಾವುದು. "ದೊಡ್ಡ ನಾಯಿ" ಅಂದ ಕೂಡಲೇ ದೊಡ್ಡವರ ಕಣ್ಣ ಮುಂದೆ ಬರೋದು ಗೇಟಿನ ಮೇಲೆ ಹಾರುವ, ಹಲ್ಲು ಕಿರಿಯುವ ಪ್ರಾಣಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ಜಾತಿಗಳನ್ನು ಸಾಕಬಾರದು ಅಂತ ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಿಮ್ಮ ಅಪ್ಪ ಮೊದಲನೇ ಸುದ್ದಿ ಮಾತ್ರ ಓದಿರುವ ಸಾಧ್ಯತೆ ಇದೆ. ಆ ಪಟ್ಟಿಯಲ್ಲಿ ಲ್ಯಾಬ್ರಡಾರ್ ಇರಲಿಲ್ಲ, ಜರ್ಮನ್ ಶೆಫರ್ಡ್ ಕೂಡ ಇರಲಿಲ್ಲ, ಹೇಳು. ಆದರೆ ಕೋರ್ಟು ರದ್ದು ಮಾಡಿದೆ ಅಂತ ಮೊದಲ ನಾಯಿಯಾಗಿ ರಾಟ್‌ವೀಲರ್ ಕೇಳಬೇಡ, ಅದಕ್ಕೆ ಅನುಭವ ಇರುವ ಕೈ ಬೇಕು. ಲ್ಯಾಬ್ರಡಾರ್ ಮತ್ತು ಶೆಫರ್ಡ್ ನಡುವೆ ಮೊದಲ ಸಲಕ್ಕೆ ನಾನು ಲ್ಯಾಬ್ರಡಾರ್ ಕಡೆಗೇ. ಶೆಫರ್ಡ್ ಬಲು ಚುರುಕು, ಕೆಲಸ ಕೊಡದಿದ್ದರೆ ತಾನೇ ಕೆಲಸ ಹುಡುಕಿಕೊಂಡು ಬಾಗಿಲು, ಚಪ್ಪಲಿ, ಪೋಸ್ಟ್‌ಮ್ಯಾನ್ ಎಲ್ಲದರ ಹಿಂದೆ ಬೀಳುತ್ತದೆ.

ಹಸ್ಕಿ, ಸೇಂಟ್ ಬರ್ನಾರ್ಡ್ ಆಸೆ ಇದ್ದರೆ ದಯವಿಟ್ಟು ಬಿಟ್ಟುಬಿಡು. ಮಂಜಿನ ನಾಡಿಗೆ ಅಂತ ಬೆಳೆದ ದಪ್ಪ ಕೂದಲಿನ ನಾಯಿಯನ್ನು ಬಳ್ಳಾರಿ, ಕಲಬುರಗಿಯ ಬಿಸಿಲಿಗೆ ತಂದು ಎಸಿ ಹಾಕಿ ಬದುಕಿಸೋದು ಪ್ರೀತಿ ಅಲ್ಲ. 2016ರಲ್ಲೇ ಕೇಂದ್ರ ಸರ್ಕಾರ ಮರಿ ಹಾಕಿಸಿ ಮಾರುವುದಕ್ಕೆ ವಿದೇಶದಿಂದ ನಾಯಿ ತರಿಸುವುದನ್ನು ನಿಲ್ಲಿಸಿತು, ಆದರೂ ಇಲ್ಲೇ ಹುಟ್ಟಿಸಿ ಮಾರುವವರು ಮಾರುತ್ತಲೇ ಇದ್ದಾರೆ.

ಹಳ್ಳಿಯಲ್ಲೋ ಜಾಗ ಇರುವ ಕಡೆಯೋ ಇದ್ದರೆ ನಮ್ಮ ಮುಧೋಳದ ಬೇಟೆ ನಾಯಿಯನ್ನು ಯೋಚಿಸು. ಎರಡಡಿಗಿಂತ ಜಾಸ್ತಿ ಎತ್ತರ, ಸಣಕಲು ಮೈ, ಗಿಡ್ಡ ಕೂದಲು, ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ತಳಿ ಇದು. 2005ರಲ್ಲಿ ಇದರ ಅಂಚೆ ಚೀಟಿ ಬಂತು, ನಮ್ಮ ಸೇನೆಯೂ ಮರಿಗಳನ್ನು ತರಬೇತಿಗೆ ತೆಗೆದುಕೊಂಡಿದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ಇದು ಓಡೋಕೆ ಹುಟ್ಟಿದ ನಾಯಿ. ಮೊಲವೋ ಮೇಕೆಮರಿಯೋ ಕಣ್ಣಿಗೆ ಬಿದ್ದರೆ ನೀನು ಕೂಗಿದ್ದು ಕಿವಿಗೆ ಬೀಳಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬೇಡ.

ಫ್ಲ್ಯಾಟ್ ಅಂದಾಗ ಇನ್ನೊಂದು ಮಾತು. ಅಸೋಸಿಯೇಷನ್‌ನವರು ದೊಡ್ಡ ನಾಯಿ ಸಾಕಬಾರದು ಅಂತ ರೂಲ್ಸ್ ಮಾಡುವ ಹಾಗಿಲ್ಲ. ನಾಯಿಯ ಜಾತಿ, ಗಾತ್ರ ನೋಡಿ ನಿಷೇಧ ಹಾಕಬಾರದು ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಬಾಡಿಗೆ ಮನೆಯ ಕಥೆ ಬೇರೆ, ಅಗ್ರಿಮೆಂಟ್ ತೆಗೆದು ಓದಿ, ಓನರ್ ಹತ್ತಿರ ಮೊದಲೇ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ನಾಯಿ ತಂದ ಮೇಲೆ ಮನೆ ಖಾಲಿ ಮಾಡಿ ಅಂದರೆ ಅಪ್ಪನ ನಿದ್ದೆ ಹೋಗುತ್ತದೆ, ಎಷ್ಟೋ ಸಲ ಕೊನೆಗೆ ಹೋಗೋದು ನಾಯಿಯೇ.

ಹಾಗೆ ಬಿಟ್ಟು ಹೋದ ದೊಡ್ಡ ನಾಯಿಗಳು ಬೆಂಗಳೂರಿನ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ಹೊಸ ಮನೆಗೆ ಕಾಯುತ್ತಿರುತ್ತವೆ. ಇದು ನಿನ್ನ ಕೈಯಲ್ಲಿರುವ ಒಳ್ಳೆಯ ದಾರಿ, ಆದರೆ ಮಕ್ಕಳು ಇದನ್ನು ಯೋಚಿಸುವುದೇ ಕಡಿಮೆ, ಎಲ್ಲರಿಗೂ ಮರಿಯೇ ಬೇಕು. ಮೂರು ವರ್ಷದ ಲ್ಯಾಬ್ರಡಾರ್ ತಂದರೆ ಹಲ್ಲು ಮೂಡುವ ಕಾಲದ ಕಚ್ಚಾಟ ಮುಗಿದಿರುತ್ತದೆ, ಎಷ್ಟು ದೊಡ್ಡದಾಗುತ್ತದೆ ಅನ್ನುವ ಅನುಮಾನ ಇಲ್ಲ, ಸ್ವಭಾವ ಎದುರಿಗೇ ಕಾಣುತ್ತದೆ. ಅಪ್ಪ-ಅಮ್ಮ ಎರಡು ಮೂರು ಸಲ ಹೋಗಿ ಭೇಟಿಯಾಗಿ, ಬೇಕೋ ಬೇಡವೋ ನಿಧಾನಕ್ಕೆ ಹೇಳಬಹುದು.

ಮರಿಯೇ ಬೇಕು ಅಂದರೆ ಎಂಟು ವಾರಕ್ಕಿಂತ ಚಿಕ್ಕದನ್ನು ತರಬೇಡಿ, 2017ರ ನಿಯಮದ ಪ್ರಕಾರ ಅದನ್ನು ಮಾರುವುದೇ ತಪ್ಪು. ತಾಯಿ ನಾಯಿಯನ್ನು ತೋರಿಸದವರ ಹತ್ತಿರ ಕೊಳ್ಳಲೇಬೇಡಿ. ದೊಡ್ಡ ಜಾತಿಗಳಲ್ಲಿ ಸೊಂಟದ ಕೀಲಿನ ತೊಂದರೆ ವಂಶದಿಂದಲೂ ಬರುತ್ತದೆ, ಅಪ್ಪ-ಅಮ್ಮ ನಾಯಿಗಳ ಎಕ್ಸ್-ರೇ ಇದೆಯಾ ಅಂತ ಕೇಳಿ. ಅಂಗಡಿಯವರು ಕ್ಯಾಲ್ಸಿಯಂ ಟಾನಿಕ್ ಕೊಡೋಕೆ ಬಂದರೆ ಡಾಕ್ಟರು ಹೇಳದೆ ಹಾಕಬೇಡಿ. ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಗಟ್ಟಿಯಾಗಲ್ಲ, ಬೆಳವಣಿಗೆಯೇ ಕೆಡುತ್ತದೆ. ಮನೆಯಲ್ಲಿ ನುಣುಪಾದ ಟೈಲ್ಸ್ ಇದ್ದರೆ ಅದು ಓಡಾಡುವ ಕಡೆ ಹಳೆ ಚಾಪೆ, ಮ್ಯಾಟ್ ಹಾಸಿ, ಜಾರಿ ಜಾರಿಯೇ ಕೀಲು ಹಾಳಾಗುತ್ತವೆ.

ತಂದ ದಿನದಿಂದಲೇ ಕಲಿಸಬೇಕಾದದ್ದು ಒಂದಿದೆ, ಬೆಲ್ಟ್ ಎಳೆಯದೆ ನಡೆಯೋದು. ಶೇಕ್ ಹ್ಯಾಂಡ್ ಆಮೇಲೆ ಕಲಿತರಾಯಿತು. ಮರಿ ಹತ್ತು ಕೆಜಿ ಇರುವಾಗ ಎಳೆದರೆ ಮುದ್ದು ಅನ್ನಿಸುತ್ತದೆ, 30 ಕೆಜಿ ಆದ ಮೇಲೆ ಬೆಕ್ಕು ಕಂಡು ಒಮ್ಮೆ ಎಳೆದರೆ ಅಮ್ಮನ ಭುಜ ಹೋಯಿತು. ನೀನು ಹಾಸ್ಟೆಲಿನಲ್ಲಿ ಇರುವಾಗ ಅಮ್ಮ ಒಂದೇ ಕೈಯಲ್ಲಿ ಹಿಡಿದು ಬೀದಿ ಕೊನೆಯ ತನಕ ಹೋಗಿ ಬರುವಂತಿರಬೇಕು. ಇದನ್ನು ಕೇಳುವಾಗಲೇ ಅವರಿಗೆ ಹೇಳು.

ಕೇಳುವ ರೀತಿ ಬಗ್ಗೆ ಸ್ವಲ್ಪ. ಊಟ ಬಿಡೋದು, ಅಜ್ಜನಿಂದ ಶಿಫಾರಸು ಹೇಳಿಸೋದು, ಗೆಳೆಯನ ಮನೆಯಿಂದ ಮರಿ ತಂದು "ಬಂದಾಯಿತಲ್ಲ" ಅಂತ ನಿಲ್ಲೋದು, ಯಾವುದೂ ಬೇಡ. "95 ಪರ್ಸೆಂಟ್ ತಂದರೆ ನಾಯಿ" ಅನ್ನುವ ಒಪ್ಪಂದಕ್ಕೂ ಕೈ ಹಾಕಬೇಡ. ನಾಯಿ ಬಂದ ಮೇಲೆ ಒಂದು ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆಯಾದರೆ ಬೈಗುಳ ತಿನ್ನೋದು ಆ ಪ್ರಾಣಿ.

ಇಷ್ಟೆಲ್ಲ ಆದ ಮೇಲೂ ಬೇಡ ಅಂದರೆ "ಯಾಕೆ" ಅಂತ ವಾದಕ್ಕೆ ನಿಲ್ಲದೆ "ಏನು ಬದಲಾದರೆ ಆಗಬಹುದು" ಅಂತ ಕೇಳು. ಸ್ವಂತ ಮನೆ ಆಗಲಿ ಅನ್ನಬಹುದು, ಅಜ್ಜಿಯ ಮಂಡಿ ಆಪರೇಷನ್ ಮುಗಿಯಲಿ ಅನ್ನಬಹುದು, ನಿನ್ನ ಪರೀಕ್ಷೆ ಮುಗಿಯಲಿ ಅನ್ನಬಹುದು. ಪರೀಕ್ಷೆಯದಾದರೆ ಅವರು ಹೇಳುವುದರಲ್ಲಿ ಅರ್ಥ ಇದೆ. ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿ ಶುರುವಾಗುವ ತನಕ ಸಿಗುವ ರಜೆಯಲ್ಲಿ ನೀನು ದಿನವಿಡೀ ಮನೆಯಲ್ಲೇ ಇರುತ್ತೀಯ, ಮರಿಯನ್ನು ಎರಡು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗಿ ಉಚ್ಚೆ ಅಭ್ಯಾಸ ಮಾಡಿಸೋಕೆ ಅಷ್ಟು ಬಿಡುವು ಬೇರೆ ಯಾವಾಗಲೂ ಸಿಗಲ್ಲ. ಅಲ್ಲಿಯ ತನಕ ಪಕ್ಕದ ಮನೆ ಅಂಕಲ್ ಜೊತೆ ವಾಕಿಂಗ್ ತಪ್ಪಿಸಬೇಡ.